ಕಾಣುವುದು ಕಣ್ಣೋ, ಒಳಗಿನ ಅರಿವೋ?

ಪಂಚೇಂದ್ರಿಯಗಳಲ್ಲಿ ಮಾನವನು ಅತಿ ಹೆಚ್ಚು ನಂಬುವುದು ತನ್ನ ಕಣ್ಣನ್ನು. ಕಿವಿಯಿಂದ ಕೇಳಿದ್ದು ಸುಳ್ಳಾದೀತು, ಕಣ್ಣಾರೆ ಕಂಡದ್ದು ಸುಳ್ಳಾದೀತೇ ಎಂದು ಊರ ಕಟ್ಟೆಯ ಮೇಲೂ ಮನೆಯ ಜಗುಲಿಯ ಮೇಲೂ ನಾವು ವಾದಿಸುತ್ತೇವೆ. ಆದರೆ ನಮ್ಮ ಹಿರಿಯರು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ನಮ್ಮ ಕೈಗಿತ್ತು ಹೋದರು. ಕಂಡ ಮೇಲೂ ಪರಾಂಬರಿಸುವುದೇಕೆ? ಕಾಣುವುದು ಎಂದರೇನು? ಕಾಣುವವನು ಯಾರು? ಈ ಪ್ರಶ್ನೆಗಳನ್ನು ಇಂದು ಭಕ್ತರ ಮುಂದೆ ಇಡಬಯಸುತ್ತೇವೆ.

ಎಮ್ಮಿಗನೂರು, ಕಂಪ್ಲಿ ಸೀಮೆಯವರಿಗೆ ಹಂಪಿ ದೂರದ ಊರಲ್ಲ. ಚೈತ್ರದ ತೇರಿಗೆ ಹೋದವರು ಶ್ರೀ ವಿರೂಪಾಕ್ಷನ ದರ್ಶನ ಮಾಡಿಕೊಂಡು, ಗರ್ಭಗುಡಿಯ ಹಿಂಭಾಗದ ಕತ್ತಲ ಕೋಣೆಗೂ ಹೋಗಿ ಬರುತ್ತಾರೆ. ಅಲ್ಲಿ ಒಂದು ಸಣ್ಣ ಕಿಂಡಿ. ಅದರಿಂದ ತೂರಿ ಬಂದ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರದ ನೆರಳನ್ನು ತಲೆಕೆಳಗಾಗಿ ಮೂಡಿಸುತ್ತದೆ. ಹೊರಗೆ ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಗೋಪುರ ಕಳಸ ಮೇಲಾಗಿ ನಿಂತಿದ್ದರೆ, ಒಳಗೆ ಕಳಸ ಕೆಳಗಾಗಿದೆ. ಇದರಲ್ಲಿ ಮಾಟವಿಲ್ಲ. ಬೆಳಕು ನೇರವಾಗಿ ಚಲಿಸುತ್ತದೆ. ಕಳಸದಿಂದ ಹೊರಟ ಕಿರಣ ಕಿಂಡಿ ದಾಟಿ ಕೆಳಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ, ಅಷ್ಟೆ.

ನಮ್ಮ ಕಣ್ಣೂ ಅಂಥದೇ ಒಂದು ಕತ್ತಲ ಕೋಣೆ. ಕಣ್ಣಿನ ಪಾಪೆಯೇ ಅದರ ಕಿಂಡಿ. ಅದರ ಹಿಂದೆ ಒಂದು ಮಸೂರ, ಹಿಂಬದಿಯ ಗೋಡೆಗೆ ಅಕ್ಷಿಪಟಲವೆಂಬ ತೆಳ್ಳನೆಯ ಪರದೆ. ಆ ಪರದೆಯ ಮೇಲೆ ಲೋಕದ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ ಎಂಬುದನ್ನು 1604ರಲ್ಲಿ ಜರ್ಮನಿಯ ಖಗೋಳ ಪಂಡಿತ ಕೆಪ್ಲರ್ ವಿವರಿಸಿದನು. ಹಾಗಾದರೆ ನಮಗೆ ಗೋಪುರ ನೆಟ್ಟಗೆ ಕಾಣುವುದು ಹೇಗೆ? ಒಳಗೆ ಯಾರಾದರೂ ಕುಳಿತು ಚಿತ್ರವನ್ನು ತಿರುಗಿಸುತ್ತಾರೆಯೇ? ಇನ್ನೊಂದು ಮಾತು. ಹಂಪಿಯ ಆ ಗೋಡೆಯ ಮೇಲೆ ನೂರಾರು ವರ್ಷಗಳಿಂದ ಚಿತ್ರ ಬೀಳುತ್ತಲೇ ಇದೆ. ಆ ಗೋಡೆ ಒಂದು ದಿನವಾದರೂ ಗೋಪುರವನ್ನು ಕಂಡಿದೆಯೇ? ಇಲ್ಲ. ಚಿತ್ರ ಬೀಳುವುದೇ ಬೇರೆ, ಕಾಣುವುದೇ ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

1890ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರಾಟನ್ ಎಂಬ ಮನಶ್ಶಾಸ್ತ್ರಜ್ಞರು ಲೋಕವನ್ನೇ ತಲೆಕೆಳಗಾಗಿ ತೋರಿಸುವ ಮಸೂರವನ್ನು ಕಣ್ಣಿಗೆ ಕಟ್ಟಿಕೊಂಡು ಎಂಟು ದಿನ ಕಳೆದರು. ಮೊದಲು ಕೈ ಚಾಚಿದರೆ ವಸ್ತು ಸಿಗಲಿಲ್ಲ, ಹೆಜ್ಜೆ ಇಟ್ಟರೆ ತಡವರಿಕೆ, ತಲೆ ಸುತ್ತು. ದಿನ ಕಳೆದಂತೆ ಕೈ ಕಾಲುಗಳು ಹೊಸ ನೋಟಕ್ಕೆ ಒಗ್ಗಿದವು. ಕೊನೆಯ ದಿನಗಳಲ್ಲಿ ಅವರು ಸರಾಗವಾಗಿ ಓಡಾಡಿದರು. ಲೋಕ ತಲೆಕೆಳಗಾಗಿದೆ ಎಂಬ ಭಾವವೇ ಆಗಾಗ ಮರೆಯಾಗುತ್ತಿತ್ತು. ಎಂದ ಮೇಲೆ ಒಳಗೆ ಚಿತ್ರ ತಿರುಗಿಸುವವನಾರೂ ಇಲ್ಲ. ಕಣ್ಣಿನಿಂದ ಬಂದ ಸುದ್ದಿಯನ್ನು ಕೈ ಮುಟ್ಟಿದ್ದಕ್ಕೆ, ಕಾಲು ನಡೆದದ್ದಕ್ಕೆ ಹೊಂದಿಸಿ ಅರ್ಥ ಮಾಡಿಕೊಳ್ಳುವ ಮೆದುಳು ಇದೆ.

ಆ ಮೆದುಳಿನ ತೂಕ ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋದೊಳಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳಿನ ಸಂಗ್ರಹಾಲಯದಲ್ಲಿ ದಾನವಾಗಿ ಬಂದ ಮೆದುಳುಗಳನ್ನು ಜನಸಾಮಾನ್ಯರೂ ನೋಡಬಹುದು. ಅಷ್ಟರಲ್ಲೇ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದೊಂದು ಕಣ್ಣಿನಿಂದಲೂ ಸುಮಾರು ಹತ್ತು ಲಕ್ಷ ನರದ ಎಳೆಗಳು ಹೊರಟು, ಅವುಗಳ ಸುದ್ದಿ ಹಿಂದಲೆಯ ಭಾಗಕ್ಕೆ ತಲುಪುತ್ತದೆ. ಆ ಎಳೆಗಳಲ್ಲಿ ಹರಿಯುವುದು ಬೆಳಕಲ್ಲ, ಬಣ್ಣವಲ್ಲ, ಸಣ್ಣ ಸಣ್ಣ ವಿದ್ಯುತ್ ಮಿಡಿತಗಳು ಮಾತ್ರ. ತಲೆಬುರುಡೆಯೊಳಗೆ ಸದಾ ಕಗ್ಗತ್ತಲು. ಆ ಕತ್ತಲಲ್ಲಿ ಕುಳಿತ ಮೆದುಳು, ಬಂದ ಮಿಡಿತಗಳಿಗೆ ತನ್ನ ಹಳೆಯ ಅನುಭವವನ್ನು ಕೂಡಿಸಿ, ಹೊರಗೆ ಇರುವುದು ಇಂಥದೇ ಇರಬೇಕೆಂದು ಊಹಿಸುತ್ತದೆ. ಈ ಊಹೆಯೇ ನಮ್ಮ ನೋಟ. ಇದನ್ನು ಅರಿವಿಗೆ ಬಾರದ ಊಹೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ಕರೆದರು. ಮುಸ್ಸಂಜೆ ಗದ್ದೆಯ ಬದುವಿನ ಮೇಲೆ ಬಿದ್ದ ಹಗ್ಗ ಹಾವಾಗಿ ಕಾಣುವುದು ಇದರಿಂದಲೇ. ಹಾವಿನ ಭಯ ಮೊದಲೇ ಒಳಗಿತ್ತು, ಕಣ್ಣು ಕೊಟ್ಟ ಸುದ್ದಿ ಅರೆಬರೆಯಾಗಿತ್ತು. ಉಳಿದರ್ಧವನ್ನು ಮೆದುಳು ಭಯದಿಂದ ತುಂಬಿಕೊಂಡಿತು.

ನಂಬಿಕೆಯಾಗದಿದ್ದರೆ ಮನೆಯಲ್ಲೇ ಪರೀಕ್ಷಿಸಿ ನೋಡಿ. ಬಿಳಿ ಹಾಳೆಯ ಮೇಲೆ ಎರಡು ಕರಿ ಉದ್ದಿನ ಕಾಳುಗಳನ್ನು ಅಕ್ಕಪಕ್ಕದಲ್ಲಿ, ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಇಡಿ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಎಡಗಡೆಯ ಕಾಳನ್ನೇ ದಿಟ್ಟಿಸುತ್ತ, ಮುಖವನ್ನು ನಿಧಾನವಾಗಿ ಹಾಳೆಯ ಹತ್ತಿರ ತನ್ನಿ. ಒಂದು ಗೇಣಿಗಿಂತ ತುಸು ಹೆಚ್ಚು ದೂರಕ್ಕೆ ಬಂದಾಗ ಬಲಗಡೆಯ ಕಾಳು ಮಾಯವಾಗುತ್ತದೆ. ಅಕ್ಷಿಪಟಲದಿಂದ ನರ ಹೊರಡುವ ಜಾಗದಲ್ಲಿ ಬೆಳಕನ್ನು ಅರಿಯುವ ಕೋಶಗಳಿಲ್ಲ. ಕಾಳಿನ ಬಿಂಬ ಅಲ್ಲಿಯೇ ಬಿದ್ದಿತು. ಆದರೆ ನಿಮಗೆ ಅಲ್ಲಿ ತೂತೇನೂ ಕಾಣಲಿಲ್ಲ, ಬರಿಯ ಬಿಳಿ ಹಾಳೆ ಕಂಡಿತು. ಆ ಬಿಳುಪನ್ನು ತುಂಬಿದ್ದು ಕಣ್ಣಲ್ಲ, ಮೆದುಳು. ಹುಟ್ಟಿದಂದಿನಿಂದ ಹೀಗೆ ತೇಪೆ ಹಾಕಿದ ಲೋಕವನ್ನೇ ನೋಡುತ್ತಿದ್ದರೂ ನಮಗೆ ತೇಪೆ ಕಾಣಿಸಿಲ್ಲ.

ಇದು ಬರಿಯ ತರ್ಕದ ಮಾತಲ್ಲ. ಮನೆಮಕ್ಕಳ ಬಾಳುವೆಗೂ ಸಂಬಂಧಿಸಿದೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿ 2005ರಲ್ಲಿ ಕಾಲವಾದ ಡಾ. ಎಂ. ಸಿ. ಮೋದಿಯವರನ್ನು ನಮ್ಮ ಹಳೆಯ ತಲೆಮಾರು ಮರೆತಿಲ್ಲ. ಊರೂರಿಗೆ ಹೋಗಿ ಉಚಿತ ಶಿಬಿರಗಳಲ್ಲಿ ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದ ಪುಣ್ಯಾತ್ಮರು ಅವರು. ಪೊರೆ ತೆಗೆಸಿಕೊಂಡ ಮುದುಕರಿಗೆ ಪಟ್ಟಿ ಬಿಚ್ಚಿ ಕನ್ನಡಕ ಹಾಕಿದರೆ ಎದುರಿಗಿದ್ದ ಮಗ ಯಾರು, ಮೊಮ್ಮಗ ಯಾರು ಎಂಬ ಗುರುತು ಹತ್ತುತ್ತದೆ. ಏಕೆಂದರೆ ಅವರ ಮೆದುಳು ಬಾಲ್ಯದಲ್ಲಿಯೇ ನೋಡುವುದನ್ನು ಕಲಿತಿತ್ತು. ಕಿಂಡಿ ಮಾತ್ರ ಮುಚ್ಚಿತ್ತು.

ಹುಟ್ಟಿನಿಂದಲೇ ಪೊರೆ ಬಂದ ಮಗುವಿನ ಕಥೆ ಹೀಗಲ್ಲ. ಅಮೆರಿಕದ ಎಂಐಟಿಯಲ್ಲಿರುವ ಪವನ್ ಸಿನ್ಹಾ ಎಂಬ ನಮ್ಮ ದೇಶದ ವಿಜ್ಞಾನಿ ಪ್ರಾಜೆಕ್ಟ್ ಪ್ರಕಾಶ್ ಎಂಬ ಯೋಜನೆಯಡಿ ಉತ್ತರ ಭಾರತದ ಹಳ್ಳಿಗಳ ಇಂಥ ಮಕ್ಕಳಿಗೆ ಚಿಕಿತ್ಸೆ ಕೊಡಿಸುತ್ತ ಅಧ್ಯಯನ ಮಾಡಿದ್ದಾರೆ. 8ರಿಂದ 17 ವರ್ಷದೊಳಗಿನ ಐದು ಮಕ್ಕಳಿಗೆ ಚಿಕಿತ್ಸೆಯಾದ ಕೂಡಲೇ, ಕೈಯಿಂದ ಮುಟ್ಟಿ ಅರಿತ ವಸ್ತುವನ್ನು ಕಣ್ಣಿನಿಂದ ಗುರುತಿಸುವಂತೆ ಹೇಳಿದಾಗ ಅವರಿಗೆ ಆಗಲಿಲ್ಲವೆಂದು 2011ರಲ್ಲಿ ಪ್ರಕಟಿಸಿದರು. ಕಣ್ಣು ತೆರೆದಿತ್ತು, ಬೆಳಕು ಬಿದ್ದಿತ್ತು, ಕಂಡದ್ದೇನೆಂದು ತಿಳಿಯಲಿಲ್ಲ. ಆಮೇಲೆ ಕೆಲವೇ ದಿನಗಳಲ್ಲಿ ಆ ಹೊಂದಾಣಿಕೆ ಸುಧಾರಿಸಿತು ಎಂಬುದು ಸಂತೋಷದ ಸಂಗತಿ. ಆದರೂ ಬಾಲ್ಯದಲ್ಲಿ ಕಳೆದುಹೋದ ದೃಷ್ಟಿಯ ನವಿರು ಪೂರ್ತಿಯಾಗಿ ಮರಳುವುದು ಕಷ್ಟ. ಆದುದರಿಂದ ತಾಯಂದಿರಲ್ಲಿ, ಅಜ್ಜಿಯರಲ್ಲಿ ನಮ್ಮ ಕಳಕಳಿಯ ಮಾತು: ಕೂಸಿನ ಪಾಪೆಯಲ್ಲಿ ಬಿಳುಪು ಕಂಡರೆ, ಮೆಳ್ಳಗಣ್ಣು ಕಂಡರೆ, ಕೂಸು ಮುಖ ನೋಡಿ ನಗದಿದ್ದರೆ, ದೊಡ್ಡದಾದ ಮೇಲೆ ಸರಿಹೋದೀತೆಂದು ಕಾಯಬೇಡಿರಿ. ಕಣ್ಣಿಗೆ ಹಾಲು, ಸೊಪ್ಪಿನ ರಸ ಹಿಂಡಬೇಡಿರಿ. ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿರಿ. ಮೆದುಳು ನೋಡುವುದನ್ನು ಕಲಿಯುವ ಹೊತ್ತು ಒಮ್ಮೆ ಜಾರಿದರೆ ಹಿಂದಕ್ಕೆ ತರುವುದು ಸುಲಭವಲ್ಲ.

ಇನ್ನು ಹಿರಿಯರ ಮಾತು. ಇಳಿವಯಸ್ಸಿನಲ್ಲಿ ದೃಷ್ಟಿ ಬಹಳ ಮಂಕಾದ ಕೆಲವರಿಗೆ ಇಲ್ಲದ್ದು ಕಾಣಿಸತೊಡಗುತ್ತದೆ. ಅಂಗಳದಲ್ಲಿ ಯಾರೋ ಮಕ್ಕಳು ನಿಂತಂತೆ, ಗೋಡೆಯ ತುಂಬ ಹೂಬಳ್ಳಿ ಹಬ್ಬಿದಂತೆ, ಸಣ್ಣ ಸಣ್ಣ ಆಳುಗಳು ಸಾಲಾಗಿ ನಡೆದಂತೆ. ಅವು ಮಾತಾಡುವುದಿಲ್ಲ, ಸದ್ದು ಮಾಡುವುದಿಲ್ಲ. ಹೇಳಿಕೊಂಡರೆ ಮನೆಯವರು ಹುಚ್ಚು ಹಿಡಿದಿದೆ ಎಂದಾರು, ಗಾಳಿ ಸೋಕಿದೆ ಎಂದು ಮಂತ್ರವಾದಿಯ ಬಳಿಗೆ ಒಯ್ದಾರು ಎಂಬ ಅಂಜಿಕೆಯಿಂದ ಹಿರಿಯರು ಬಾಯಿ ಬಿಡುವುದಿಲ್ಲ. 1760ರಲ್ಲಿ ಜಿನೀವಾ ನಗರದ ಷಾರ್ಲ್ ಬಾನೆ ಎಂಬ ಪಂಡಿತನು ಪೊರೆಯಿಂದ ದೃಷ್ಟಿ ಕುಂದಿದ್ದ ತನ್ನ ತಾತನಿಗೆ ಹೀಗೆಯೇ ಆಗುತ್ತಿದ್ದುದನ್ನು ಬರೆದಿಟ್ಟನು. ತಾತನ ಬುದ್ಧಿ ನೆಟ್ಟಗಿತ್ತು. ಇಂದು ವೈದ್ಯರು ಆ ಸ್ಥಿತಿಯನ್ನು ಬಾನೆಯ ಹೆಸರಿನಿಂದಲೇ ಕರೆಯುತ್ತಾರೆ. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ಸುಮ್ಮನಿರಲಾರದೆ ತಾನೇ ಚಿತ್ರ ಕಟ್ಟುತ್ತದೆ. ಅದು ಭೂತವೂ ಅಲ್ಲ, ಹುಚ್ಚೂ ಅಲ್ಲ. ದೀಪ ಹಚ್ಚುವುದರಿಂದ, ಕಣ್ಣನ್ನು ಅತ್ತಿತ್ತ ಹೊರಳಿಸುವುದರಿಂದ ಎಷ್ಟೋ ವೇಳೆ ಅದು ಮರೆಯಾಗುತ್ತದೆ. ತೆಗೆಯಬಹುದಾದ ಪೊರೆಯಿದ್ದರೆ ತೆಗೆಸಬೇಕು. ಧ್ವನಿಯೂ ಕೇಳಿಸಿದರೆ, ಮಾತು ತಪ್ಪಿದರೆ, ಜ್ವರವಿದ್ದರೆ, ಒಂದು ಕಡೆಯ ನೋಟ ಥಟ್ಟನೆ ಹೋದರೆ ಅದರ ಕಾರಣ ಬೇರೆ. ಆಗ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಮನೆಯ ಮಕ್ಕಳು, ಸೊಸೆಯಂದಿರು ಅಜ್ಜ ಅಜ್ಜಿಯ ಮಾತಿಗೆ ನಗದೆ, ಗದರಿಸದೆ, ಕುಳಿತು ಕೇಳಬೇಕು. ಅದಕ್ಕಿಂತ ದೊಡ್ಡ ದಾಸೋಹ ಬೇರೆ ಬೇಕಿಲ್ಲ.

ಲಿಂಗಪೂಜೆ ಮಾಡುವ ಭಕ್ತರಿಗೂ ಇಲ್ಲಿ ಒಂದು ಪಾಠವಿದೆ. ಎಡಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡು ಎವೆಯಿಕ್ಕದೆ ನೋಡುತ್ತಿದ್ದರೆ ಸುತ್ತಲಿನ ವಸ್ತುಗಳು ಮಸುಕಾಗಿ ಕರಗುವುದು ಹಲವರ ಅನುಭವ. ಒಂದೇ ಬಿಂದುವಿನಲ್ಲಿ ನೋಟ ನಿಂತಾಗ ಅಂಚಿನಲ್ಲಿರುವುದು ಅಳಿಸಿಹೋಗುತ್ತದೆಂದು ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲಿ ಬರೆದನು. ಬದಲಾಗದ ಸುದ್ದಿಯನ್ನು ಕಣ್ಣೂ ಮೆದುಳೂ ಕೈಬಿಡುತ್ತವೆ. ಆದುದರಿಂದ ಬೆಳಕು ಕಂಡಿತು, ಬಣ್ಣ ಕಂಡಿತು, ನಮಗೆ ಸಿದ್ಧಿಯಾಯಿತು ಎಂದು ಯಾರೂ ಹಿಗ್ಗಬಾರದು. ಪೂಜೆಯ ಫಲ ಕಂಡ ಬಣ್ಣದಲ್ಲಿಲ್ಲ, ಎದ್ದ ಮೇಲಿನ ನಡತೆಯಲ್ಲಿದೆ. ಷಟ್‌ಸ್ಥಲ ಶಾಸ್ತ್ರವು ಮೂಗಿಗೆ ಆಚಾರಲಿಂಗ, ನಾಲಿಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂದು ಹೇಳಿ, ಇಂದ್ರಿಯಗಳಿಗೆ ಬಂದ ಅನುಭವವನ್ನು ಮೊದಲು ಲಿಂಗಕ್ಕೆ ಅರ್ಪಿಸಿ ಆಮೇಲೆ ಪ್ರಸಾದವಾಗಿ ಸ್ವೀಕರಿಸಲು ತಿಳಿಸುತ್ತದೆ. ಇಂದಿನ ವಿಜ್ಞಾನವನ್ನು ನಮ್ಮ ಶಾಸ್ತ್ರ ಅಂದೇ ಹೇಳಿತ್ತೆಂದು ಎದೆ ತಟ್ಟಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಶಾಸ್ತ್ರದ ದಾರಿ ಬೇರೆ, ಪ್ರಯೋಗಶಾಲೆಯ ದಾರಿ ಬೇರೆ. ಆದರೆ ಕಂಡದ್ದನ್ನು ಕಂಡ ಕೂಡಲೇ ತನ್ನದೆಂದು ನುಂಗದೆ ಒಂದು ಕ್ಷಣ ತಡೆದು ಅರ್ಪಿಸುವ ಅಭ್ಯಾಸ ಎಲ್ಲರಿಗೂ ಒಳ್ಳೆಯದು.

ಕೊನೆಗೆ ದೊಡ್ಡ ಪ್ರಶ್ನೆ ಉಳಿಯುತ್ತದೆ. ಹಿಂದಲೆಯ ಮೆದುಳಿಗೆ ಪೆಟ್ಟಾಗಿ ಏನೂ ಕಾಣುತ್ತಿಲ್ಲ ಎನ್ನುವ ಕೆಲವರು, ಎದುರಿನ ದೀಪ ಎಲ್ಲಿದೆ ಊಹಿಸಿ ಎಂದರೆ ಸರಿಯಾಗಿ ಬೆರಳು ತೋರುತ್ತಾರೆಂದು ಇಂಗ್ಲೆಂಡಿನಲ್ಲಿ ವೈಸ್‌ಕ್ರಾಂಟ್ಸ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದರು. ನೋಡುವ ಕೆಲಸ ನಡೆದಿದೆ, ಕಂಡೆನೆಂಬ ಅರಿವಿಲ್ಲ! ಹಾಗಾದರೆ ಆ ಅರಿವು ಎಲ್ಲಿಂದ ಕೂಡಿಕೊಳ್ಳುತ್ತದೆ? ಮಿಡಿತಗಳು ಕುಂಕುಮದ ಕೆಂಪಾಗಿ, ಮಲ್ಲಿಗೆಯ ಕಂಪಾಗಿ ಅನುಭವಕ್ಕೆ ಬರುವುದೇಕೆ? ಅರಿವು ಮೆದುಳಿನಲ್ಲಿ ಹುಟ್ಟುವ ಬಗೆಯನ್ನು 25 ವರ್ಷಗಳಲ್ಲಿ ಕಂಡುಹಿಡಿಯುತ್ತೇವೆ ಎಂದು ಕ್ರಿಸ್ಟಾಫ್ ಕಾಕ್ ಎಂಬ ವಿಜ್ಞಾನಿ 1998ರಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಅವರೊಡನೆ ಪಂದ್ಯ ಕಟ್ಟಿದರು. 2023ರಲ್ಲಿ ಸಭೆಯ ಮುಂದೆ ಸೋಲು ಒಪ್ಪಿಕೊಂಡರು. ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಂಡು ಹುಡುಕಾಟ ಮುಂದುವರಿಸುವುದು ದೊಡ್ಡವರ ಲಕ್ಷಣ. ಇದು ವಿಜ್ಞಾನಿಗೂ ಸರಿ, ಶರಣನಿಗೂ ಸರಿ.

ನಮ್ಮ ನೋಟದಲ್ಲಿ ಅರ್ಧ ಹೊರಗಿನಿಂದ ಬಂದದ್ದು, ಅರ್ಧ ನಾವೇ ತುಂಬಿದ್ದು ಎಂದು ತಿಳಿದ ಮೇಲೆ ನಮ್ಮ ಜವಾಬ್ದಾರಿ ಹೆಚ್ಚುತ್ತದೆ. ಭಯ ತುಂಬಿದರೆ ಹಗ್ಗ ಹಾವಾಗುತ್ತದೆ. ದ್ವೇಷ ತುಂಬಿದರೆ ಬದುವಿನ ಆಚೆಯ ಅಣ್ಣತಮ್ಮಂದಿರು ಕಳ್ಳರಾಗಿ ಕಾಣುತ್ತಾರೆ, ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಾದಂತೆ. ಕಣ್ಣಾರೆ ಕಂಡೆನೆಂದು ಒಬ್ಬರ ಮಾನ ಕಳೆಯುವ ಮುನ್ನ, ಕಂಡದ್ದೆಷ್ಟು, ತುಂಬಿದ್ದೆಷ್ಟು ಎಂದು ಕೇಳಿಕೊಳ್ಳೋಣ. ಕಣ್ಣಿನ ಪೊರೆಯನ್ನು ವೈದ್ಯರು ತೆಗೆಯಬಲ್ಲರು. ಮನಸ್ಸಿನ ಪೊರೆಯನ್ನು ತೆಗೆದುಕೊಳ್ಳಬೇಕಾದವರು ನಾವೇ.