ಕಡಲಿನ ವೇಳೆ

ದೇವಸ್ಥಾನಕ್ಕೆ ಹೊರಟವರು ಬಾಗಿಲು ತೆರೆಯುವ ಹೊತ್ತನ್ನು ಮೊದಲು ವಿಚಾರಿಸಿಕೊಳ್ಳುತ್ತಾರೆ. ಕಡಲನ್ನು ನೋಡಹೊರಟವರು ಆ ಗೊಡವೆಗೆ ಹೋಗುವುದಿಲ್ಲ. ಕಡಲು ಎಲ್ಲಿಗೆ ಹೋದೀತೆಂದು ನಮ್ಮ ನಂಬಿಕೆ. ಈ ನಂಬಿಕೆ ಹುಸಿಯಾಗುವ ಸ್ಥಳವೊಂದುಂಟು. ಅದು ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ, ಫಂಡಿ ಕೊಲ್ಲಿಯ ದಂಡೆಯಲ್ಲಿರುವ ಹೋಪ್‌ವೆಲ್ ಬಂಡೆಗಳು.

ಮಾಂಕ್ಟನ್ ನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅಲ್ಲಿಗೆ ಹೊರಟೆವು. “ಉಬ್ಬರದ ಪಟ್ಟಿಯನ್ನು ನೋಡಿದೆಯಾ, ಅಣ್ಣಾ?” ಎಂದಳು ತಂಗಿ. “ಮಂಗಳೂರಿನವನಿಗೆ ಕಡಲಿನ ಪಾಠವೇ?” ಎಂದು ನಕ್ಕುಬಿಟ್ಟೆ. ನಮ್ಮ ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಒಂದೂವರೆ ಮೀಟರಿನ ಅಂತರ. ಅಲ್ಲಿ ಅದು 14 ಮೀಟರುಗಳವರೆಗೂ ಏರುವುದೆಂಬುದನ್ನು ನಾನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ತಲಪಿದಾಗ ತುಂಬು ಉಬ್ಬರ. ಕಂದು ನೀರಿನ ನಡುವೆ ಮರಗಳನ್ನು ಹೊತ್ತ ಕೆಲವು ಪುಟ್ಟ ದ್ವೀಪಗಳು. “ಇಷ್ಟೇ ತಾನೆ?” ಎಂದು ಹಿಂದಿರುಗಲು ಅಣಿಯಾದೆ. ತಂಗಿ ಬುತ್ತಿಯನ್ನು ಬಿಚ್ಚಿ, “ಕುಳಿತುಕೋ” ಎಂದಳು.

ಆರು ಗಂಟೆಗಳ ತರುವಾಯ ಮೆಟ್ಟಿಲಿಳಿದು ಕಡಲತಳದಲ್ಲಿಯೇ ನಡೆದೆವು. ಬೆಳಗಿನ ದ್ವೀಪಗಳು ಈಗ ಬುಡ ಸವೆದ ಮಹಾಸ್ತಂಭಗಳಾಗಿ, ನೆತ್ತಿಯ ಮೇಲೆ ಕಾಡನ್ನು ಹೊತ್ತು ನಿಂತಿದ್ದವು. ಬಂಡೆಗಳಿಗೆ ಅಂಟಿದ ಪಾಚಿ, ನೀರು ಎಲ್ಲಿಯವರೆಗೆ ನಿಂತಿದ್ದಿತೆಂಬುದನ್ನು ತಲೆಯೆತ್ತಿ ನೋಡುವಂತೆ ಮಾಡಿತು.

ಇದು ಚಂದ್ರನೊಬ್ಬನ ಕೆಲಸವಲ್ಲ. ಫಂಡಿ ಕೊಲ್ಲಿ ಒಳಸರಿದಂತೆಲ್ಲ ಕಿರಿದಾಗುತ್ತ, ಆಳ ಕಳೆದುಕೊಳ್ಳುತ್ತ ಹೋಗುವುದು. ಮೇಲಾಗಿ, ಮೇನ್ ಕೊಲ್ಲಿಯೊಡನೆ ಕೂಡಿದ ಈ ಜಲರಾಶಿ ಒಮ್ಮೆ ತೂಗಿ ಮರಳಲು ಸುಮಾರು 13 ಗಂಟೆ ಹಿಡಿಯುತ್ತದೆ; ಸಾಗರದ ಉಬ್ಬರ ಮರುಕಳಿಸುವುದು 12 ಗಂಟೆ 25 ನಿಮಿಷಗಳಿಗೊಮ್ಮೆ. ಉಯ್ಯಾಲೆಯನ್ನು ಅದರ ತೂಗಿಗೆ ಹೊಂದಿಸಿ ನೂಕಿದರೆ ಎತ್ತರಕ್ಕೇರುವಂತೆ, ಇಲ್ಲಿ ನೀರು ಏರುವುದು.

ಆದುದರಿಂದ ಹೋಗಬಯಸುವವರು ಆ ದಿನದ ಪಟ್ಟಿಯನ್ನು ನೋಡಿಯೇ ಹೊರಡಬೇಕು. ನಿನ್ನೆಯ ವೇಳೆ ಇಂದಿಗೆ ಸಲ್ಲದು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಪೂರ್ಣ ಇಳಿತಕ್ಕೆ ಮೂರು ಗಂಟೆ ಮೊದಲಿನಿಂದ ಮೂರು ಗಂಟೆ ನಂತರದವರೆಗೆ ತಳದಲ್ಲಿ ನಡೆಯಬಹುದು. ಕಾವಲಿನವರು ಕರೆದೊಡನೆ ಮೇಲೇರಬೇಕು. ಬಂಡೆಯ ಸುತ್ತ ನೀರು ಹಿಂದಿನಿಂದಲೂ ಬಂದೀತು. ಕೆಸರಿಗೆ ಹಳೆಯ ಪಾದರಕ್ಷೆಗಳೇ ಮೇಲು. ಎಲ್ಲಕ್ಕೂ ಮಿಗಿಲಾಗಿ ಇಡೀ ಒಂದು ದಿನವನ್ನು ಅದಕ್ಕೆಂದೇ ತೆಗೆದಿಡಬೇಕು.

ಮುಂದೆಂದಾದರೂ ನೋಡೋಣವೆನ್ನುವಂತೆಯೂ ಇಲ್ಲ. ಈ ಬಂಡೆಗಳನ್ನು ಕಡೆದ ನೀರೂ ಮಂಜೂ ಅವನ್ನು ಕೆಡಹುತ್ತಲೂ ಇವೆ. ‘ಆನೆ’ ಎಂದು ಹೆಸರಾಗಿದ್ದ ಬಂಡೆಯ ದೊಡ್ಡದೊಂದು ಭಾಗ 2016ರ ಮಾರ್ಚಿಯಲ್ಲಿ ಕುಸಿದುಬಿದ್ದಿತು.

ಅಂದು ನೀರಿಳಿಯುವವರೆಗೆ ಅಣ್ಣತಂಗಿಯರು ಮಾಡಲು ಬೇರೇನೂ ಇಲ್ಲದೆ ಮಾತನಾಡಿದೆವು: ತೀರಿಹೋದ ಅಮ್ಮನ ವಿಷಯ, ಮಾರಿದ ಮನೆಯ ವಿಷಯ. ಅವಳು ಊರು ಬಿಟ್ಟು ಹದಿನೈದು ವರ್ಷ. ಅಷ್ಟು ಹೊತ್ತು ಜೊತೆಯಲ್ಲಿ ಕುಳಿತದ್ದು ಅದೇ ಮೊದಲು. ಪಟ್ಟಿಯನ್ನು ನೋಡಿ ಹೊರಟಿದ್ದರೆ ಆ ಹೊತ್ತು ಉಳಿಯುತ್ತಿತ್ತು. ಉಳಿಯದಿದ್ದುದೇ ಒಳ್ಳೆಯದಾಯಿತು.