ಕಾರಿನ ಬೆಲೆ ಇಳಿದಿದೆ, ಗೇರ್‌ಬಾಕ್ಸ್‌ನದು ಇಳಿದಿಲ್ಲ

ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮದ್ದೂರು ಚೆಕ್‌ಪೋಸ್ಟ್ ದಾಟಿ ಸುಲ್ತಾನ್ ಬತ್ತೇರಿಗೆ. ಮೂರು ರಾಜ್ಯಗಳ ನಂಬರ್ ಪ್ಲೇಟ್‌ಗಳು ಎದುರಾಗುವ ಈ ಊರಲ್ಲಿ ಹಳೆಯ ಜರ್ಮನ್ ಸೆಡಾನ್ ಕಂಡರೆ ಯಾರೂ ಅಚ್ಚರಿಪಡುವುದಿಲ್ಲ. ಹತ್ತು ವರ್ಷ ಓಡಿದ ಐಷಾರಾಮಿ ಕಾರು ಈಗ ಹೊಸ ಚಿಕ್ಕ ಕಾರಿನ ಬೆಲೆಗೇ ಸಿಗುತ್ತದೆ. ಆಸೆ ಹುಟ್ಟುವುದು ಸಹಜ.

ಮೈಸೂರು ರಸ್ತೆಯಲ್ಲಿ ಅದು ಬೆಣ್ಣೆಯಂತೆ ಓಡುತ್ತದೆ. ನಿಜವಾದ ಪರೀಕ್ಷೆ ಇರುವುದು ಮಸಿನಗುಡಿ ದಾಟಿದ ಮೇಲೆ, ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ. ಮೊದಲ, ಎರಡನೇ ಗೇರಿನಲ್ಲೇ ತೆವಳುತ್ತಾ ಏರುವಾಗ ವೇಗ ಕಡಿಮೆ, ಎಂಜಿನ್ ಮೇಲಿನ ಭಾರ ಹೆಚ್ಚು. ಗೇರ್ ಆಯಿಲ್ ಕಾಯುತ್ತದೆ. ಮಾಲೀಕರು ಹೇಳುವ ದೂರುಗಳೂ ಹೆಚ್ಚುಕಡಿಮೆ ಒಂದೇ: ಒಂದರಿಂದ ಎರಡಕ್ಕೆ ಹೋಗುವಾಗ ಜರ್ಕ್, ರಿವರ್ಸ್ ಹಾಕಿದರೆ ತಡವಾಗಿ ಕಚ್ಚುವುದು, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗಿದರೂ ಗಾಡಿ ಎಳೆಯದಿರುವುದು. ಕೊನೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ಮೂಡಿ ಗಾಡಿ ಒಂದೇ ಗೇರಿಗೆ ಕಟ್ಟುಬೀಳುತ್ತದೆ. ಬಂಡೀಪುರದ ಕಾಡಿನೊಳಗೆ ಹೀಗಾದರೆ ಪಾಡು ಕೇಳುವುದೇ ಬೇಡ. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ.

ಎಲ್ಲ ಗೇರ್‌ಬಾಕ್ಸ್‌ಗೂ ಒಂದೇ ರೋಗವಲ್ಲ. ಸ್ಕೋಡಾ ಸುಪರ್ಬ್ 1.8 ಟಿಎಸ್‌ಐನಲ್ಲಿ ಬಂದ ಏಳು ಗೇರಿನ ಡಿಎಸ್‌ಜಿಯಲ್ಲಿ ಎರಡು ಒಣ ಕ್ಲಚ್‌ಗಳಿವೆ. ಅವುಗಳ ಬಿಸಿಯನ್ನು ಎಳೆದೊಯ್ಯಲು ಎಣ್ಣೆಯಿಲ್ಲ. ಗೇರ್ ಬದಲಿಸುವ ಮೆಕಾಟ್ರಾನಿಕ್ ಘಟಕ ಕೈಕೊಡುವುದೂ ಇದರಲ್ಲೇ. ಇದೇ ಕುಟುಂಬದ ಡಿಎಸ್‌ಜಿ ದೂರುಗಳಿಂದಾಗಿ 2013ರ ಮಾರ್ಚ್‌ನಲ್ಲಿ ಫೋಕ್ಸ್‌ವ್ಯಾಗನ್ ಚೀನಾದಲ್ಲಿ 3,84,181 ಕಾರುಗಳನ್ನು ವಾಪಸ್ ಕರೆಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಏಳು ಗೇರಿನ ಡಿಎಸ್‌ಜಿಯಲ್ಲಿದ್ದ ಸಿಂಥೆಟಿಕ್ ಎಣ್ಣೆ ತೆಗೆದು ಖನಿಜ ಎಣ್ಣೆ ತುಂಬಲು ಮುಂದಾಯಿತು. ಕೊಳ್ಳುವ ಕಾರಿಗೆ ಈ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಲೇಬೇಕು.

ಹಳೆಯ ಮರ್ಸಿಡಿಸ್‌ಗಳ ಐದು ಗೇರಿನ ಬಾಕ್ಸ್‌ನ ಕಥೆ ಬೇರೆ. ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕನೆಕ್ಟರ್ ಇದೆ. ಅದರ ರಬ್ಬರ್ ಉಂಗುರ ಗಟ್ಟಿಯಾದರೆ ಎಣ್ಣೆ ಜಿನುಗಿ, ವೈರಿನೊಳಗೇ ಹರಿದು ಕಂಪ್ಯೂಟರ್ ಘಟಕವನ್ನು ಮುಟ್ಟುತ್ತದೆ. ಇದನ್ನು ಬಲ್ಲ ಮೆಕ್ಯಾನಿಕ್ ಮೊದಲು ಕನೆಕ್ಟರ್ ಬಿಚ್ಚಿ ಒರೆಸಿ ನೋಡುತ್ತಾನೆ. ಅರಿಯದವನು ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಾನೆ. ಎರಡು ಬಿಲ್‌ಗಳ ನಡುವಿನ ಅಂತರ ಲಕ್ಷಗಟ್ಟಲೆ. ಬಿಎಂಡಬ್ಲ್ಯುನಲ್ಲಿ ಹೊರಡುವಾಗ ಅಡಿಯಿಂದ ‘ಧಡ್’ ಎಂದರೆ ಎಷ್ಟೋ ಸಲ ಅದು ಗೇರ್‌ಬಾಕ್ಸ್ ದೋಷವೇ ಅಲ್ಲ, ಪ್ರೊಪೆಲ್ಲರ್ ಶಾಫ್ಟ್‌ನ ರಬ್ಬರ್ ಡಿಸ್ಕ್ ಬಿರುಕು ಬಿಟ್ಟಿರುತ್ತದೆ.

‘ಗೇರ್ ಆಯಿಲ್ ಜೀವಮಾನಕ್ಕೆ ಒಂದೇ ಸಲ, ಬದಲಿಸುವುದೇ ಬೇಡ’ ಎಂಬ ಮಾತು ಮಾಡಿದ ಹಾನಿ ದೊಡ್ಡದು. ಬಿಎಂಡಬ್ಲ್ಯುಗೆ ಗೇರ್‌ಬಾಕ್ಸ್ ಕೊಡುವ ಜರ್ಮನಿಯ ಜಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್‌ಗೊಮ್ಮೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎನ್ನುತ್ತದೆ. ಮೊದಲ ಮಾಲೀಕ ವಾರಂಟಿ ಮುಗಿಯುವ ಹೊತ್ತಿಗೆ ಮಾರಿರುತ್ತಾನೆ. ಬದಲಿಸದ ಎಣ್ಣೆಯ ಬೆಲೆ ತೆರುವವನು ಮೂರನೆಯವನು, ಬಹುಪಾಲು ನಮ್ಮಂಥ ಊರಿನವನು.

ಕಾರು ನೋಡಲು ಹೋಗುವಾಗ ಎಂಜಿನ್ ಸ್ಟಾರ್ಟ್ ಮಾಡದೆ ಇಡುವಂತೆ ಮೊದಲೇ ಹೇಳಿ. ಬಿಸಿಯಾದ ಗಾಡಿ ಕೆಲವು ದೋಷಗಳನ್ನು ಮುಚ್ಚಿಡುತ್ತದೆ. ತಣ್ಣಗಿರುವಾಗಲೇ ಡಿ, ಆರ್ ಎರಡಕ್ಕೂ ಹಾಕಿ ನೋಡಿ. ನಂತರ ಅರ್ಧ ಗಂಟೆ ಓಡಿಸಿ, ಏರು ಸಿಕ್ಕರೆ ಏರಿಸಿ, ಮತ್ತೆ ಅದನ್ನೇ ಮಾಡಿ. ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್‌ಗಳನ್ನು ಅಳಿಸಿ ಮಾರುವವರಿದ್ದಾರೆ, ಹಾಗಾಗಿ ಓಡಿಸಿ ಬಂದ ಮೇಲೂ ಇನ್ನೊಮ್ಮೆ ಹಾಕಿಸಿ.

ಡೀಲರ್ ದೋಷ ಮುಚ್ಚಿಟ್ಟು ಮಾರಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು. ಕಾರು ಕೊಂಡಿದ್ದು ಬೆಂಗಳೂರಿನಲ್ಲೇ ಆದರೂ ಗುಂಡ್ಲುಪೇಟೆಯವರು ಅಲ್ಲಿಗೆ ಅಲೆಯಬೇಕಿಲ್ಲ, ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರಾಯಿತು. ಅಲ್ಲಿ ಬೇಕಾಗುವುದು ಕಾಗದ. ಆದ್ದರಿಂದ ಮುಂಗಡ ಕೊಡುವ ಮೊದಲೇ ಸರ್ವಿಸ್ ದಾಖಲೆ, ಸ್ಕ್ಯಾನ್ ವರದಿ, ಡೀಲರ್ ಸಹಿ ಮಾಡಿದ ಭರವಸೆ ಪತ್ರ ಮೂರನ್ನೂ ಕೈಗೆ ತೆಗೆದುಕೊಳ್ಳಿ.