ಗ್ರಾಮಸಭೆಯಲ್ಲಿ ಕೂಗುವವರನ್ನು ಏನು ಮಾಡಬೇಕು?

ಸಭೆ ಶುರುವಾಗಿ ಹತ್ತು ನಿಮಿಷವೂ ಆಗಿರುವುದಿಲ್ಲ. ಗ್ರಾಮಸೇವಕರು ಹಿಂದಿನ ಸಭೆಯ ಪ್ರೊಸೀಡಿಂಗ್ ಓದಿ ಮುಗಿಸಿ ಜಮಾ-ಖರ್ಚಿಗೆ ಬಂದಿರುತ್ತಾರೆ. ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ: "ಏ ಭಾವುಸಾಹೇಬ, ಆ ಲೆಕ್ಕ ಆಮ್ಯಾಲ ಓದು. ಮದಲ ನಮ್ಮ ವಸ್ತಿಗೆ ಟ್ಯಾಂಕರ್ ಯಾಕ ಬರೂದಿಲ್ಲ ಅದನ್ನ ಹೇಳ್ರಿ. ರೊಕ್ಕ ತಿಂದು ಕುಂತೀರಿ, ಕಳ್ಳರು!" ಮುಂದಿನ ಸಾಲಿನವನೊಬ್ಬ ಎದ್ದು ತಿರುಗಿ ಉತ್ತರ ಕೊಡುತ್ತಾನೆ. ಕೊಡುವುದು ಉತ್ತರವಲ್ಲ, ಅವರಪ್ಪನ ಹಳೇ ಕಥೆ. ಅಷ್ಟರಲ್ಲಿ ನಾಲ್ಕು ಮೊಬೈಲು ಮೇಲೆದ್ದಿರುತ್ತವೆ.

ಸಾಂಗಲಿ ಜಿಲ್ಲೆ ಜತ್ತ ತಾಲ್ಲೂಕಿನ ಶೇಗಾಂವದಲ್ಲಿರಲಿ, ಸಂಖದಲ್ಲಿರಲಿ, ಉಮದಿಯಲ್ಲಿರಲಿ, ಸಭೆ ಕಟ್ಟಿ ನಡೆಸುವವರಿಗೆ ಇದು ಹೊಸದಲ್ಲ. (ಶೇಗಾಂವ ಎಂದರೆ ಗಜಾನನ ಮಹಾರಾಜರ ಊರು ಎಂದುಕೊಳ್ಳುವವರಿಗೆ ಒಂದು ಮಾತು: ಅದು ವಿದರ್ಭದ ಬುಲಢಾಣಾ ಜಿಲ್ಲೆಯದು. ಇದು ಮಳೆ ಕೈಕೊಡುವ, ಜೋಳ-ದಾಳಿಂಬೆ ಬೆಳೆಯುವ, ಮನೆಯಲ್ಲಿ ಕನ್ನಡ ಕಚೇರಿಯಲ್ಲಿ ಮರಾಠಿ ನಡೆಯುವ ಸೀಮೆಯದು.) ಇಂಥ ಸಭೆಯಲ್ಲಿ ಕೂಗುವವನನ್ನು ಹೊರಗೆ ಕಳಿಸಬೇಕೆ, ಕೂಡಿಸಬೇಕೆ, ಕೇಳಬೇಕೆ? ಅವನು ಆಡಿದ್ದರಲ್ಲಿ ಯಾವುದನ್ನು ಬರೆದುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಮೊದಲು ತಿಳಿಯಬೇಕಾದದ್ದು, ಅವನು ಅತಿಥಿಯಲ್ಲ. 1958ರ ಮಹಾರಾಷ್ಟ್ರ ಗ್ರಾಮಪಂಚಾಯತ ಕಾಯ್ದೆಯ ಪ್ರಕಾರ ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಗ್ರಾಮಸಭೆಯ ಸದಸ್ಯರೇ. ಸರಪಂಚರಿಗೆ ಎಷ್ಟು ಹಕ್ಕೋ ಅವನಿಗೂ ಕೂಡಲು ಅಷ್ಟೇ ಹಕ್ಕು. ಲೋಕಸಭೆಯಲ್ಲಾದರೆ ಸಭಾಧ್ಯಕ್ಷರಿಗೆ ಮಾರ್ಷಲ್‌ಗಳಿದ್ದಾರೆ, ಗದ್ದಲ ಮಾಡಿದ ಸದಸ್ಯನನ್ನು ಅಮಾನತು ಮಾಡುವ ನಿಯಮವಿದೆ, 380ನೇ ನಿಯಮದಡಿ ಅಸಭ್ಯ ಮಾತನ್ನು ಕಡತದಿಂದ ತೆಗೆಸುವ ಅಧಿಕಾರವಿದೆ. ಚಾವಡಿ ಮುಂದೆ ಹಾಸಿದ ಜಮಖಾನೆಯ ಮೇಲೆ ಕೂತ ಸರಪಂಚರ ಬಳಿ ಇರುವುದು ಒಂದು ಮೈಕು, ಒಂದು ಅಜೆಂಡಾ, ಒಂದು ಪ್ರೊಸೀಡಿಂಗ್ ಬುಕ್ಕು. ಈ ಮೂರನ್ನು ಬಳಸಲು ಬಂದರೆ ಸಾಕು. ಬಾರದಿದ್ದರೆ ಪೊಲೀಸರನ್ನು ಕರೆದು ಕೂಡಿಸಿದರೂ ಸಭೆ ನಡೆಯುವುದಿಲ್ಲ.

ಹಾಗಂತ ಬಂದವರೆಲ್ಲ ಸದಸ್ಯರೂ ಅಲ್ಲ. ಪಕ್ಕದೂರಿನ ಪುಢಾರಿ, ತಾಲ್ಲೂಕಿನಿಂದ ಬಂದ ಪಕ್ಷದ ಹುಡುಗರು, ಕಾಮಗಾರಿ ಹಿಡಿದ ಗುತ್ತಿಗೆದಾರ, ಇವರ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. ಬೆಂಕಿ ಹಚ್ಚುವುದು ಬಹಳ ಸಲ ಇವರೇ. ಹಜೇರಿ ಪುಸ್ತಕದಲ್ಲಿ ಸಹಿ ಮಾಡಿಸುವಾಗಲೇ ಮತದಾರರ ಪಟ್ಟಿ ಪಕ್ಕದಲ್ಲಿಟ್ಟುಕೊಂಡರೆ "ನೀವು ಕೇಳಲಿಕ್ಕೆ ಕುಂದರಬಹುದು, ಮಾತಾಡಲಿಕ್ಕೆ ನಿಮಗ ಪಾಳಿ ಇಲ್ಲರಿ" ಎಂದು ಮರ್ಯಾದೆಯಿಂದಲೇ ಹೇಳಬಹುದು. ಸಭೆ ಬಿಸಿಯಾದ ಮೇಲೆ ಹೇಳಿದರೆ ಅದೇ ಮಾತು ಜಗಳವಾಗುತ್ತದೆ.

ಕೂಗಾಟದ ಅರ್ಧ ಪಾಲು ಸಭೆಗೆ ಮುಂಚೆಯೇ ಹುಟ್ಟಿರುತ್ತದೆ. ವರ್ಷಕ್ಕೆ ಕನಿಷ್ಠ ನಾಲ್ಕು ಗ್ರಾಮಸಭೆ ಆಗಬೇಕು. ಸಾಮಾನ್ಯ ಸಭೆಗೆ ಏಳು ದಿನ ಮುಂಚೆ ನೋಟಿಸು ಹಚ್ಚಬೇಕು, ದವಂಡಿ ಹೊಡೆಸಬೇಕು. ದವಂಡಿ ಊರ ಚಾವಡಿಯ ಸುತ್ತ ಮೂರು ಸುತ್ತು ತಿರುಗಿ ಮುಗಿದರೆ, ಎರಡು ಮೈಲಿ ಆಚೆ ತೋಟದ ವಸ್ತಿಯವರಿಗೆ ಸಭೆ ಗೊತ್ತಾಗುವುದು ಸಭೆಯ ದಿನ ಬೆಳಿಗ್ಗೆ, ಯಾರೋ ಹಾಲು ಹಾಕಲು ಹೋದವರಿಂದ. ಅವರು ಬರುವಾಗಲೇ ಸಿಟ್ಟು ಹೊತ್ತು ಬರುತ್ತಾರೆ. ಈಗ ಪ್ರತಿ ವಸ್ತಿಗೂ ಒಂದು ವಾಟ್ಸ್ಯಾಪ್ ಗುಂಪಿದೆ. ಅಜೆಂಡಾದ ಫೋಟೋ ಅಲ್ಲಿ ಹಾಕಿ, "ನಿಮ್ಮ ವಿಷಯ ಇದ್ದರ ಎರಡು ದಿನ ಮೊದಲ ಬರದು ಕೊಡ್ರಿ" ಎಂದರೆ ಎಷ್ಟೋ ಬೆಂಕಿ ಅಲ್ಲೇ ಆರುತ್ತದೆ.

ಅಜೆಂಡಾದ ಕೊನೆಯಲ್ಲಿ ಮರಾಠಿಯಲ್ಲಿ 'ಐನವೇಳೇಚೇ ವಿಷಯ' ಎಂದಿರುತ್ತದೆ, ಅಂದರೆ ಆ ಹೊತ್ತಿಗೆ ಬಂದ ವಿಷಯಗಳು. ಜನರ ನೀರು, ದಾರಿ, ಚರಂಡಿ, ಮನೆ ಎಲ್ಲ ಆ ಒಂದು ಸಾಲಿನೊಳಗೆ ತುರುಕಿರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಹೆಂಗಸರು ಎದ್ದು ಅಡುಗೆಗೆ ಹೋಗಿರುತ್ತಾರೆ, ಉಳಿದವರು ಚಹಾದ ಕಡೆ ನೋಡುತ್ತಿರುತ್ತಾರೆ. ನೀರಿಗಾಗಿ ಬಂದವನಿಗೆ ಅದು ಗೊತ್ತು. ಅದಕ್ಕೇ ಮೊದಲೇ ಕೂಗುತ್ತಾನೆ. ನನ್ನ ಲೆಕ್ಕದಲ್ಲಿ ಇದು ಉದ್ಧಟತನವಲ್ಲ, ಅನುಭವ. ಬೇಸಿಗೆಯ ಸಭೆಯಲ್ಲಿ ನೀರನ್ನು ಎರಡನೇ ವಿಷಯಕ್ಕೆ ತಂದು ನೋಡಿ, ಕೂಗುವವರು ಎಷ್ಟು ಮಂದಿ ಉಳಿಯುತ್ತಾರೆ ಎಂದು.

ಇನ್ನು ಸಭೆಯೊಳಗಿನ ಮಾತು. ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೈನ್ಯದ ಎಂಜಿನಿಯರ್ 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನ ಚರ್ಚಿನ ಸಭೆಯೊಂದಕ್ಕೆ ಅಧ್ಯಕ್ಷನಾಗಿ ಕೂತು, ಗದ್ದಲ ತಡೆಯಲಾರದೆ ಕಂಗೆಟ್ಟ. ಆ ಅವಮಾನ ಅವನನ್ನು ಬಿಡಲಿಲ್ಲ. ಓದಿ, ಬರೆದು, 1876ರಲ್ಲಿ ಸಭಾ ನಿಯಮಗಳ ಪುಸ್ತಕವನ್ನೇ ತಂದ. ಅದರಲ್ಲಿನ ಒಂದು ನಿಯಮ ನಮ್ಮ ಜಮಖಾನೆಗೂ ಹೊಂದುತ್ತದೆ: ಮಾತಾಡುವವರು ಒಬ್ಬರಿಗೊಬ್ಬರು ಮಾತಾಡಬಾರದು, ಅಧ್ಯಕ್ಷರಿಗೆ ಹೇಳಬೇಕು. ಮುಂದಿನ ಸಾಲಿನವನು ತಿರುಗಿ ನಿಂತ ಕ್ಷಣವೇ ಸರಪಂಚರು ಹಿಡಿಯಬೇಕು, "ಅವರಿಗಲ್ಲ, ನನಗ ಹೇಳ್ರಿ." ಮುಖ ತಿರುಗಿದರೆ ಮಾತೂ ತಿರುಗುತ್ತದೆ. 'ನೀ' ಅಂದವನು 'ಅವರು' ಅನ್ನಬೇಕಾಗುತ್ತದೆ, 'ಅವರು' ಅಂದಾಗ ಬೈಗುಳದ ಅರ್ಧ ಖಾರ ಇಳಿಯುತ್ತದೆ.

ಆಮೇಲೆ ಪಾಳಿ. ಒಂದು ಹಾಳೆಯ ಮೇಲೆ ಎಲ್ಲರಿಗೂ ಕಾಣುವಂತೆ ಹೆಸರು ಬರೆಯುವುದು. "ಕಾಕಾ, ನಿಮ್ಮ ಹೆಸರು ಬರಕೊಂಡೇವಿ, ಮೂರನೇದು ನಿಮ್ಮ ಪಾಳಿ. ಟ್ಯಾಂಕರಿಂದು ಅಲ್ಲರಿ?" ಎಂದು ಅವನ ವಿಷಯವನ್ನು ತಿರುಗಿ ಅವನಿಗೇ ಹೇಳುವುದು. ಸಿಟ್ಟಿನವನಿಗೆ ತನ್ನ ಮಾತು ತಲುಪಿತು ಎಂಬ ಗುರುತು ಬೇಕಾಗಿರುತ್ತದೆ. ಅದು ಸಿಕ್ಕರೆ ಬಹಳ ಜನ ಕೂಡುತ್ತಾರೆ. 'ಕಳ್ಳರು' ಎಂದದ್ದಕ್ಕೆ ಅಲ್ಲಿಯೇ ಉತ್ತರ ಕೊಡಲು ಹೋದ ಸರಪಂಚರು ಮಾತ್ರ ಟ್ಯಾಂಕರ್ ವಿಷಯವನ್ನು ಕಳೆದುಕೊಂಡರು, ಸಭೆಯನ್ನೂ ಕಳೆದುಕೊಂಡರು.

ಆ ಕೂಗಿದವನ ಒಂದೇ ಉಸಿರಿನಲ್ಲಿ ಮೂರು ಸಾಮಾನು ಇದ್ದವು. 'ಟ್ಯಾಂಕರ್ ಬರೂದಿಲ್ಲ' ಎಂಬುದು ದೂರು. 'ರೊಕ್ಕ ತಿಂದೀರಿ' ಎಂಬುದು ಆರೋಪ. 'ಕಳ್ಳರು' ಎಂಬುದು ಬೈಗುಳ. ದೂರನ್ನು ವಸ್ತಿಯ ಹೆಸರು, ಎಷ್ಟು ದಿನ ಆಯಿತು ಎಂಬ ಲೆಕ್ಕದ ಸಮೇತ ಬರೆದುಕೊಳ್ಳಬೇಕು. ಆರೋಪವನ್ನು ಪ್ರಶ್ನೆಯಾಗಿ ತಿರುಗಿಸಬೇಕು: ಯಾವ ಕೆಲಸದ ರೊಕ್ಕ, ಯಾವ ವರ್ಷದ್ದು? ಹೇಳಿದರೆ ಬರೆಯಿರಿ, ಆ ಲೆಕ್ಕ ಅಲ್ಲಿಯೇ ತೆರೆಯಿರಿ. ವರ್ಷದ ಮೊದಲ ಗ್ರಾಮಸಭೆಯ ಮುಂದೆ ಜಮಾ-ಖರ್ಚು, ಆಡಿಟ್ ಟಿಪ್ಪಣಿ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಬೈಗುಳವನ್ನು ಬರೆಯಬೇಕಾಗಿಲ್ಲ. ನಮ್ಮ ಪುಸ್ತಕಗಳಲ್ಲಿ ಆಗುವುದು ತದ್ವಿರುದ್ಧ. ದೂರು, ಆರೋಪ, ಬೈಗುಳ ಮೂರನ್ನೂ ಒಂದೇ ಮೂಟೆ ಕಟ್ಟಿ 'ಸವಿಸ್ತರ ಚರ್ಚಾ ಝಾಲೀ' ಎಂದು ಬರೆದು ಮುಗಿಸುತ್ತಾರೆ. ಸವಿಸ್ತಾರ ಚರ್ಚೆ ಆಯಿತಂತೆ. ಈ ಮೂರು ಶಬ್ದಗಳಷ್ಟು ಜಗಳ ಹುಟ್ಟಿಸಿದ ಬೈಗುಳ ಇನ್ನೊಂದಿಲ್ಲ.

ಗಡಿಯಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ಕಾಕಾ ಸಿಟ್ಟಾಗುವುದು ಕನ್ನಡದಲ್ಲಿ, ಪ್ರೊಸೀಡಿಂಗ್ ಬರೆಯುವುದು ಮರಾಠಿಯಲ್ಲಿ. ಗ್ರಾಮಸೇವಕರು (2024ರಿಂದ ಹುದ್ದೆಯ ಹೆಸರು ಗ್ರಾಮಪಂಚಾಯತ ಅಧಿಕಾರಿ, ಬಾಯಲ್ಲಿ ಮಾತ್ರ ಭಾವುಸಾಹೇಬರೇ) ಬೇರೆ ಕಡೆಯಿಂದ ವರ್ಗವಾಗಿ ಬಂದವರಾದರೆ ಅವರಿಗೆ ಕೇಳುವುದು ದನಿ ಮಾತ್ರ, ವಿಷಯವಲ್ಲ. 'ಏ' ಎಂಬುದು ನಮ್ಮಲ್ಲಿ ಗೆಳೆಯನನ್ನೂ ಕರೆಯುತ್ತದೆ, ಎತ್ತನ್ನೂ ಕರೆಯುತ್ತದೆ. ಅವರಿಗೆ ಅದು ಬೈಗುಳವಾಗಿಯೇ ಕೇಳಿಸಬಹುದು. ಎರಡೂ ಭಾಷೆ ಬಲ್ಲ ಒಬ್ಬ ಸದಸ್ಯೆಯನ್ನೋ ಶಿಕ್ಷಕರನ್ನೋ ಪಕ್ಕದಲ್ಲಿ ಕೂಡಿಸಿಕೊಂಡು, ಮರಾಠಿಯಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿ, "ಇದೇ ಅಲ್ಲರಿ ನೀವು ಅಂದದ್ದು?" ಎಂದು ಕೇಳಬೇಕು. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. 2025ರ ಆಗಸ್ಟಿನಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 'ಸಭಾಸಾರ' ಎಂಬ ತಂತ್ರಾಂಶ ತಂದಿದೆ, ಸಭೆಯ ಧ್ವನಿಮುದ್ರಣ ಕೊಟ್ಟರೆ ಅದೇ ನಡಾವಳಿ ಬರೆದುಕೊಡುತ್ತದೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಕಲಸುವ ನಮ್ಮ ಕಾಕಾನ ಮುಂದೆ ಅದರ ಆಟ ಎಷ್ಟು ನಡೆಯುತ್ತದೋ ನೋಡುವ ಕುತೂಹಲ ನನಗಿದೆ.

ಪುಸ್ತಕದಲ್ಲಿ ಬರೆದದ್ದಕ್ಕೆ ಎಷ್ಟು ಆಯುಸ್ಸು ಎಂಬುದನ್ನು ಜತ್ತ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ನೀರಿಲ್ಲವೆಂದು ಜತ್ತದ 40 ಗ್ರಾಮಪಂಚಾಯತಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದವು ಎಂದರು. ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಅದು 2012ರ ಹಳೆಯ ಠರಾವು ಎಂದು ಉತ್ತರ ಕೊಟ್ಟರು. ಎರಡು ರಾಜ್ಯಗಳು ಅಲ್ಲಾಡಿದವು, ಮ್ಹೈಸಾಳ ಏತ ನೀರಾವರಿಯ ನೀರನ್ನು ಈ ಊರುಗಳಿಗೆ ಮುಟ್ಟಿಸುವ ಮಾತು ಮತ್ತೆ ಜೋರಾಯಿತು. ಆ ದಿನಗಳಲ್ಲಿ ಯಾರು ಎಷ್ಟು ಕೂಗಿದ್ದರೋ ಯಾರಿಗೂ ನೆನಪಿಲ್ಲ. ಹತ್ತು ವರ್ಷ ದಾಟಿ ಬಂದದ್ದು ಠರಾವು.

ಕೂಗಿ ಸಭೆ ಮುರಿಯುವವರಿಗೂ ಒಂದು ಲೆಕ್ಕ ಹೇಳಬೇಕು. ಕೋರಂ ಅಂದರೆ ಮತದಾರರ ಶೇ 15 ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು. 3000 ಮತದಾರರ ಊರಿಗೂ 450 ಬೇಕಿಲ್ಲ, 100 ಸಾಕು. ಕೋರಂ ಇಲ್ಲವೆಂದು ಸಭೆ ತಹಕೂಬ ಆದರೆ, ಅಂದರೆ ಮುಂದಕ್ಕೆ ಹೋದರೆ, ಅದೇ ವಿಷಯಗಳಿಗೆ ಮತ್ತೆ ಕರೆದ ಸಭೆಗೆ ಕೋರಂನ ಗೊಡವೆಯೇ ಇಲ್ಲ. ಸಿಟ್ಟಿನಿಂದ ಎದ್ದು ಹೊರಟವರು ಮನೆ ಸೇರಿರುತ್ತಾರೆ, ತಮಗೆ ಬೇಡವಾದ ಠರಾವು ಇಪ್ಪತ್ತು ಜನರ ಮುಂದೆ ತಣ್ಣಗೆ ಪಾಸಾಗಿರುತ್ತದೆ. ಗದ್ದಲವಾಗಲಿ ಎಂದು ಕಾಯುವ ಪಂಚಾಯತಿಗಳೂ ಇವೆ ಎಂದು ಜನ ಸುಮ್ಮನೆ ಅನ್ನುವುದಿಲ್ಲ.

ತಾಳ್ಮೆಗೂ ಒಂದು ಗಡಿ ಇದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಾತಿ ಹಿಡಿದು ಬೈದರೆ ಅದು ಸಭೆಯ ವಿಷಯವಲ್ಲ. ಪರಿಶಿಷ್ಟ ಜಾತಿ-ಪಂಗಡದವರನ್ನು ನಾಲ್ಕು ಜನರ ಎದುರು ಜಾತಿ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದನ್ನು ಊರೊಳಗೇ ಮುಗಿಸೋಣ ಎಂದು ಬೈಸಿಕೊಂಡವರ ಬಾಯಿ ಮುಚ್ಚಿಸಬಾರದು. ಗ್ರಾಮಸೇವಕರ ಕೊರಳಪಟ್ಟಿಗೆ ಕೈ ಹಾಕಿ ಕೆಲಸ ತಡೆದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು, ಎರಡು ವರ್ಷದವರೆಗೆ ಶಿಕ್ಷೆ. ಆದರೆ ಜೋರಾಗಿ ಲೆಕ್ಕ ಕೇಳಿದವನಿಗೂ ಆ ಕಲಮು ತೋರಿಸಿ ಹೆದರಿಸುವ ಚಾಳಿ ಕೆಟ್ಟದ್ದು. ದನಿ ಎತ್ತುವುದು ಬೇರೆ, ಕೈ ಎತ್ತುವುದು ಬೇರೆ.

ಹೆಂಗಸರ ಮಾತು ಬಂದಾಗ ಇನ್ನೊಂದು ಬಗೆಯ ಉದ್ಧಟತನ ಕಾಣುತ್ತದೆ. ಅದು ಕೂಗುವುದಿಲ್ಲ, ನಗುತ್ತದೆ. ಮಹಾರಾಷ್ಟ್ರದಲ್ಲಿ 2011ರಿಂದ ಪಂಚಾಯತಿಗಳಲ್ಲಿ ಅರ್ಧ ಜಾಗ ಹೆಂಗಸರದ್ದು. ಸರಪಂಚ ಬಾಯಿ ಮಾತಾಡಲು ಎದ್ದರೆ ಗಂಡನ ಹೆಸರು ಹಿಡಿದು ಕೂಗುವುದು, ಹಿಂದೆ ಕಿಸಕ್ಕನೆ ನಗುವುದು. ಅವರ ಪಕ್ಕದಲ್ಲಿ ಗಂಡ ಕುರ್ಚಿ ಹಾಕಿಕೊಂಡು ಕೂತಿದ್ದರೆ ಆ ನಗುವಿಗೆ ಎಣ್ಣೆ ಸುರಿದಂತೆ. ಆ ಗಂಡನನ್ನು ಮೊದಲು ಜಮಖಾನೆಗೆ ಇಳಿಸಿ. ಗ್ರಾಮಸಭೆಗೆ ಮುಂಚೆ ಬೇರೆಯಾಗಿ ನಡೆಸಬೇಕಾದ ಮಹಿಳಾ ಸಭೆಯನ್ನು ಸಹಿ ಮಾಡಿಸಿ ಮುಗಿಸದೆ ನಿಜವಾಗಿ ನಡೆಸಿದರೆ, ಅಲ್ಲಿ ಮಾತಾಡಿ ಬಾಯಿ ಬಿಚ್ಚಿದ ಹತ್ತು ಹೆಂಗಸರು ಮರುದಿನ ಒಟ್ಟಿಗೆ ಕೂತಿರುತ್ತಾರೆ. ಹತ್ತು ಜನ ಒಟ್ಟಿಗೆ ತಿರುಗಿ ನೋಡಿದರೆ ಹಿಂದಿನ ಸಾಲು ನಗುವುದಿಲ್ಲ.

ಪ್ರತಿ ಸಭೆಯಲ್ಲೂ ಕೂಗುವ ಒಬ್ಬ ಇರುತ್ತಾನಲ್ಲ, ಅವನ ಜಗಳ ಬಹುತೇಕ ಸಭೆಯದ್ದಲ್ಲ. ಭಾವಕಿಯದ್ದು (ದಾಯಾದಿಗಳದ್ದು), ಬದುವಿನದ್ದು, ಬಾವಿಯ ಪಾಲಿನದ್ದು. ಇದೇ ಸಾಂಗಲಿ ಜಿಲ್ಲೆಯ ತಾಸಗಾಂವ ತಾಲ್ಲೂಕು ಅಂಜನಿಯವರಾದ ಆರ್. ಆರ್. ಪಾಟೀಲರು ಗೃಹಮಂತ್ರಿಯಾಗಿದ್ದಾಗ 2007ರ ಆಗಸ್ಟ್ 15ರಂದು ಮಹಾತ್ಮಾ ಗಾಂಧಿ ತಂಟಾಮುಕ್ತ ಗಾಂವ್ ಮೋಹಿಮ್ (ಜಗಳಮುಕ್ತ ಊರಿನ ಅಭಿಯಾನ) ಶುರು ಮಾಡಿದ್ದು ಇಂಥವಕ್ಕೇ. ಸಮಿತಿ ಆರಿಸುವುದು ಗ್ರಾಮಸಭೆ; ಸಮಿತಿ ಎರಡೂ ಕಡೆಯವರನ್ನು ಕೂಡಿಸಿ ರಾಜಿ ಮಾಡಿಸುತ್ತದೆ. ಎಷ್ಟೋ ಊರಲ್ಲಿ ಸಮಿತಿಯ ಅಧ್ಯಕ್ಷ ಯಾರಾಗಬೇಕು ಎಂಬುದಕ್ಕೇ ತಂಟೆಯಾಗುತ್ತದೆ, ಇರಲಿ. ಬದುವಿನ ಜಗಳವನ್ನು ನೂರು ಜನರ ಮುಂದಿಂದ ತೆಗೆದು ಆರು ಜನರ ಮುಂದೆ ಇಟ್ಟರೆ, ಮಾತಿಗೆ ಪ್ರೇಕ್ಷಕರು ಇರುವುದಿಲ್ಲ. ಅಷ್ಟಕ್ಕೇ ದನಿ ಇಳಿಯುತ್ತದೆ.

ಇತ್ತ ಕಾಕಾನ ಟ್ಯಾಂಕರ್. ಬಾಯಲ್ಲಿ ಹೇಳಿದ್ದನ್ನೇ ಅರ್ಧ ಹಾಳೆಯ ಮೇಲೆ ಬರೆದು ಕೊಟ್ಟು, ನಕಲಿನ ಮೇಲೆ ತಾರೀಖು ಹಾಕಿಸಿ ಪೋಚ್ (ಸ್ವೀಕೃತಿ) ಶಿಕ್ಕಾ ಹೊಡೆಸಿಕೊಳ್ಳಬೇಕು. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳು ಬರೆದುಕೊಡುತ್ತಾಳೆ. ಪ್ರೊಸೀಡಿಂಗಿನಲ್ಲಿ ತನ್ನ ಮಾತು ಬಂತೋ ಇಲ್ಲವೋ ನೋಡಬೇಕಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು, 30 ದಿನದೊಳಗೆ ಉತ್ತರ ಕೊಡಬೇಕು. ಮುಂದಿನ ಸಭೆಯಲ್ಲಿ ಭಾವುಸಾಹೇಬರು ಹಿಂದಿನ ಪ್ರೊಸೀಡಿಂಗ್ ಓದುವಾಗ ಕಾಕಾ ಆ ಶಿಕ್ಕೆಯ ಹಾಳೆ ಹಿಡಿದು ಮುಂದಿನ ಸಾಲಿನಲ್ಲೇ ಕೂತಿರಲಿ.